ಪಕ್ಕದ ಸೀಟಿನ ಬ್ರೇಕು

ಫೆಬ್ರವರಿ 6

ಅಕ್ಕಾ,

ಇದನ್ನು ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಾನು ‘ವ್ಯಾನ್’ ಅನ್ನುವಷ್ಟರಲ್ಲಿ ನೀನು ‘ಸರಿ, ಇಡ್ತೀನಿ’ ಅನ್ನುತ್ತೀ. ಕಾಗದವನ್ನು ನೀನು ಅರ್ಧಕ್ಕೆ ಮಡಚಿಟ್ಟರೂ ಉಳಿದರ್ಧ ಅಲ್ಲೇ ಕಾದಿರುತ್ತದೆ.

ವಿಷಯ ಇಷ್ಟೆ. ನನ್ನ ಕಾರನ್ನು ನಿನಗೆ ಕೊಡಬೇಕೆಂದಿದ್ದೇನೆ. ಮಾರುವುದಲ್ಲ, ಕೊಡುವುದು.

ಮುಂದಿನ ತಿಂಗಳು ನಿನ್ನ ವ್ಯಾನ್ ಫಿಟ್‌ನೆಸ್ ತಪಾಸಣೆಗೆ ಹೋಗಬೇಕು. ಅದು ಪಾಸಾಗುವುದಿಲ್ಲ. ಇದು ನನ್ನ ಅಭಿಪ್ರಾಯವಲ್ಲ, ಆ ವ್ಯಾನಿನದೇ ಅಭಿಪ್ರಾಯ. ಕಳೆದ ಸಲ ನಾನು ಬಂದಾಗ ದಾರಿಯುದ್ದಕ್ಕೂ ಅದನ್ನೇ ಹೇಳುತ್ತಿತ್ತು. ಪಾಸಾಗದಿದ್ದರೆ ನೀನು ರಸ್ತೆಗಿಳಿಯುವಂತಿಲ್ಲ. ರಸ್ತೆಗಿಳಿಯದೆ ನಿನ್ನ ಕೆಲಸವಿಲ್ಲ.

ಎರಡನ್ನೂ ಪಕ್ಕಪಕ್ಕ ಇಟ್ಟು ನೋಡು. ನಿನ್ನದು ಹದಿನೆಂಟು ವರ್ಷದ್ದು, ನನ್ನದಕ್ಕೆ ಈಗ ಮೂರು. ನನ್ನ ಕಾರಿನಲ್ಲಿ ಒದ್ದೆ ರಸ್ತೆಯ ಮೇಲೆ ಬ್ರೇಕ್ ಒತ್ತಿದರೆ ಚಕ್ರ ಕಚ್ಚಿಕೊಂಡು ಜಾರುವುದಿಲ್ಲ. ನಿನ್ನದು ಜಾರುತ್ತದೆ. ನನ್ನದರಲ್ಲಿ ಗಾಳಿಚೀಲಗಳಿವೆ, ನಿನ್ನದರಲ್ಲಿ ನಿನ್ನ ಮತ್ತು ಎದುರಿನ ಲಾರಿಯ ಮಧ್ಯೆ ಇರುವುದು ತೆಳ್ಳನೆ ತಗಡು, ಒಂದು ಹಾರ್ನ್. ನಿನ್ನ ಎಮ್ಮೆ ಕುಡಿಯುವ ಪೆಟ್ರೋಲಿನ ಅರ್ಧದಲ್ಲಿ ಇದು ಅದೇ ದೂರ ಹೋಗುತ್ತದೆ. ಹಿಂದಕ್ಕೆ ತೆಗೆಯುವಾಗ ಪರದೆಯ ಮೇಲೆ ಹಿಂದಿನದೆಲ್ಲ ಕಾಣುತ್ತದೆ, ಕತ್ತು ತಿರುಗಿಸಬೇಕಿಲ್ಲ.

ಕತ್ತರಿ, ಮಷಿನ್ನು, ಟವೆಲುಗಳು, ಒಂದು ಮಡಚುವ ಕುರ್ಚಿ, ಇಷ್ಟೂ ಡಿಕ್ಕಿಯಲ್ಲಿ ಹಿಡಿಯುತ್ತವೆ. ಅಳೆದು ನೋಡಿದ್ದೇನೆ. ವೃದ್ಧಾಶ್ರಮಗಳಲ್ಲಿ ಅವರವರ ಕೋಣೆಗೇ ಹೋಗಿ ಕ್ಷೌರ ಮಾಡಬಹುದು.

ನನಗೆ ಕಾರು ಬೇಡವೇ ಅಂತ ಕೇಳುತ್ತೀ. ನನಗೆ ಬೇರೆ ಯೋಚನೆ ಇದೆ.

ಯಾವತ್ತು ಬಂದು ಒಯ್ಯುತ್ತೀ, ಬರೆ.

ತಮ್ಮ

*

ಫೆಬ್ರವರಿ 15

ಮೇಷ್ಟ್ರೇ,

ನಾನು ಚೆನ್ನಾಗಿದ್ದೇನೆ. ಎಮ್ಮೆಯೂ ಚೆನ್ನಾಗಿದೆ, ನಿನ್ನನ್ನು ವಿಚಾರಿಸಿತು.

ಡ್ರೈವಿಂಗ್ ಸ್ಕೂಲ್ ನಡೆಸುವವರಿಗೆ ಊರಿನವರೆಲ್ಲ ಶಿಷ್ಯರ ಹಾಗೆ ಕಾಣುತ್ತಾರೆ ಅಂತ ಗೊತ್ತಿತ್ತು. ಅಕ್ಕನೂ ಆ ಸಾಲಿಗೆ ಸೇರಿದ್ದಾಳೆ ಅಂತ ಗೊತ್ತಿರಲಿಲ್ಲ.

ಒಂದೊಂದಾಗಿ ಉತ್ತರ ಕೊಡುತ್ತೇನೆ. ನಿನ್ನ ಕಾರಿನಲ್ಲಿ ಕೂರುವುದು ಅಂತ ಇಲ್ಲ, ಬೀಳುವುದು. ಅದು ಕಾರಲ್ಲ, ಚಪ್ಪಲಿ. ನನ್ನ ಗಿರಾಕಿಗಳು ಎಂಬತ್ತು ದಾಟಿದವರು. ಬಿದ್ದರೆ ಏಳುವುದು ಹೇಗೆ? ವ್ಯಾನಿನ ಸೀಟು ಸೊಂಟದ ಮಟ್ಟಕ್ಕಿದೆ. ಪಕ್ಕದ ಬಾಗಿಲು ಪೂರ್ತಿ ಜರುಗುತ್ತದೆ. ಕೆಳಗೊಂದು ಮರದ ಮೆಟ್ಟಿಲಿಟ್ಟರೆ ಯಾರೂ ಬಗ್ಗದೆ, ಯಾರ ಕೈಯೂ ಹಿಡಿಯದೆ ಹತ್ತಿ ನನ್ನ ಕ್ಷೌರದ ಕುರ್ಚಿಯಲ್ಲಿ ಕೂರುತ್ತಾರೆ. ಆ ಕುರ್ಚಿಯನ್ನು ನೆಲಕ್ಕೆ ಬೋಲ್ಟ್ ಹಾಕಿ ಬಿಗಿದವನೂ ನೀನೇ, ಅದಕ್ಕೆ ಬೆಲ್ಟ್ ಹಾಕಿಸಿದವನೂ ನೀನೇ. ಮರೆತೆಯೇನೋ.

ಕೋಣೆಗೇ ಹೋಗು ಅಂತ ಬರೆದಿದ್ದೀಯ. ಕೋಣೆಯಲ್ಲಿ ಅವರು ರೋಗಿಗಳು. ಮಂಚದ ಪಕ್ಕ ಕೂರಿಸಿ ಕೂದಲು ಕತ್ತರಿಸಿದರೆ ಅದೂ ಒಂದು ಶುಶ್ರೂಷೆ. ವ್ಯಾನಿಗೆ ಬಂದರೆ ಗಿರಾಕಿಗಳು. ಬೆಳಗ್ಗೆಯೇ ಶರ್ಟು ಇಸ್ತ್ರಿ ಮಾಡಿಸಿಕೊಂಡು ಕಾಯುತ್ತಾರೆ. ಮತ್ತೆ ಆ ಸುತ್ತು ಇದೆಯಲ್ಲ! ಕ್ಷೌರ ಆದ ಮೇಲೆ ಕಿಟಕಿಗಳನ್ನೆಲ್ಲ ಇಳಿಸಿ ಕಾಂಪೌಂಡಿಗೆ ಒಂದು ಸುತ್ತು ಹಾಕುತ್ತೇನೆ. ಕುತ್ತಿಗೆಗೆ ಅಂಟಿದ ಕೂದಲು ಗಾಳಿಗೆ ಹಾರಿಹೋಗಲಿ ಅಂತ ಶುರು ಮಾಡಿದ್ದು. ಈಗ ತಲೆಯಲ್ಲಿ ಒಂದು ಕೂದಲೂ ಇಲ್ಲದವರು ಕ್ಷೌರಕ್ಕೆ ಹೆಸರು ಬರೆಸುತ್ತಾರೆ. ಆಶ್ರಮದ ನಮ್ಮ ನಿವೃತ್ತ ಜಡ್ಜ್ ಸಾಹೇಬರು ಮೊನ್ನೆ ಬಾಚಣಿಗೆಯನ್ನೂ ಹಿಡಿದು ಬಂದಿದ್ದರು. ‘ಸಾಹೇಬರೇ, ಏನು ಕತ್ತರಿಸಲಿ?’ ಅಂದೆ. ‘ಮಾತು ಕತ್ತರಿಸಮ್ಮ, ಗಾಡಿ ಬಿಡು’ ಅಂದರು.

ಇದೆಲ್ಲ ನಿನ್ನ ಡಿಕ್ಕಿಯಲ್ಲಿ ಹಿಡಿಯುತ್ತದೆಯೇ? ಅಳೆದು ನೋಡು.

ಇನ್ನೊಂದು. ಅಕ್ಕನ ಹಳೆಯದು ತಮ್ಮನಿಗೆ ಬರುವುದು ಲೋಕರೂಢಿ. ತಮ್ಮ ಹೊಸದು ಕೊಳ್ಳುವ ಸಂಭ್ರಮದಲ್ಲಿ ಹಳೆಯದನ್ನು ಅಕ್ಕನ ಮೇಲೆ ಹೇರಿದ್ದನ್ನು ನಾನು ಎಲ್ಲೂ ಕೇಳಿಲ್ಲ. ‘ಇಲ್ಲಿ ಹೆಂಗಸು ಗಡ್ಡ ಕೆರೆದರೆ ಗಿರಾಕಿ ಬರಲ್ಲ’ ಅಂತ ನಾನು ಕೆಲಸ ಕೇಳಿದ ಆ ಸಲೂನಿನವನು ಹೇಳಿದ ವಾರವೇ ನಾನು ಈ ವ್ಯಾನ್ ತಂದವಳು. ಆವತ್ತು ಯಾರ ಹಂಗೂ ಬೇಕಾಗಿರಲಿಲ್ಲ, ಇವತ್ತೂ ಬೇಡ.

ನೀನು ನನಗೆ ಡ್ರೈವಿಂಗ್ ಕಲಿಸಿದ್ದೂ ಇದರಲ್ಲೇ. ಪಕ್ಕದ ಸೀಟಿನಲ್ಲಿ ಕೂತು, ಇಲ್ಲದ ಬ್ರೇಕನ್ನು ಒತ್ತಿ ಒತ್ತಿ ಮ್ಯಾಟಿನಲ್ಲಿ ನಿನ್ನ ಹಿಮ್ಮಡಿ ಮಾಡಿದ ತೂತು ಇನ್ನೂ ಹಾಗೇ ಇದೆ.

ಅಕ್ಕ

*

ಫೆಬ್ರವರಿ 24

ಅಕ್ಕಾ,

ಸಿಟ್ಟು ಮುಗಿದಿದ್ದರೆ ಮುಂದೆ ಓದು.

ಹೊಸದು ಕೊಳ್ಳುತ್ತಿದ್ದೇನೆ ಅಂತ ನಾನು ಎಲ್ಲೂ ಬರೆದಿಲ್ಲ.

ಎತ್ತರದ ವಿಷಯದಲ್ಲಿ ನಿನ್ನ ಮಾತು ಸರಿ, ಒಪ್ಪಿದೆ. ಹಾಗಂತ ಎತ್ತರದ ಗಾಡಿ ಸುರಕ್ಷಿತ ಅಂತ ಆಗುವುದಿಲ್ಲ. ನಿನ್ನ ವ್ಯಾನಿನ ಹಿಂದಿನ ಚಕ್ರ ಗುಂಯ್‌ಗುಡುತ್ತದೆ, ಅದು ಬೇರಿಂಗ್. ಹಂಪ್ ಇಳಿಯುವಾಗ ಕೆಳಗೇನೋ ತಟ್ಟುತ್ತದೆ. ಸೈಲೆನ್ಸರ್ ಕಟ್ಟಿದ ರಬ್ಬರ್ ಹರಿದಿದೆ. ಎಲ್ಲಕ್ಕಿಂತ ಮುಖ್ಯ, ಹಿಂದಿನ ಬ್ರೇಕಿಗೆ ಹೋಗುವ ಪೈಪಿಗೆ ತುಕ್ಕು ಹಿಡಿದಿದೆ. ನೀನು ಅದರಲ್ಲಿ ಜಡ್ಜ್ ಸಾಹೇಬರನ್ನು ಕೂರಿಸಿಕೊಂಡು ಸುತ್ತು ಹಾಕುತ್ತೀ. ಅವರಿಗೆ ಬಾಚಣಿಗೆ ಬೇಕಿಲ್ಲ, ಜಾಮೀನು ಬೇಕು.

ಪಕ್ಕದ ಸೀಟಿನಲ್ಲಿ ಕಾಲಿಗೆ ಜಾಗವಿಲ್ಲ ಎಂಬ ತಕರಾರು ಮುಂದೆ ಬರಬಹುದು, ಅದಕ್ಕೂ ಈಗಲೇ ಹೇಳಿಬಿಡುತ್ತೇನೆ. ಪಾಠಕ್ಕೆಂದು ಮೇಷ್ಟರ ಕಡೆ ಹಾಕಿಸಿದ್ದ ಕ್ಲಚ್ಚು, ಬ್ರೇಕು, ಎರಡೂ ಪೆಡಲ್ ಬಿಚ್ಚಿಸಿ ಗೋಣಿಚೀಲದಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದ್ದೇನೆ. ಈಗ ಅಲ್ಲಿ ಯಾರು ಬೇಕಾದರೂ ಕಾಲು ಚಾಚಿ ಕೂರಬಹುದು. ‘ಕಲಿಯುವವರು’ ಬೋರ್ಡನ್ನೂ ಕೆರೆದು ತೆಗೆದೆ. ಅಂಟಿನ ಗುರುತು ಸ್ವಲ್ಪ ಉಳಿದಿದೆ, ಸೀಮೆಎಣ್ಣೆ ಹಾಕಿ ಉಜ್ಜಿದರೆ ಹೋಗುತ್ತದೆ.

ಮೊನ್ನೆ ಬಸ್ಸಿನಲ್ಲಿ ಹೋಗುವಾಗ ಮುಂದೆಯೇ ಜಾಗ ಸಿಕ್ಕಿತ್ತು. ನಮ್ಮೂರ ಬಸ್ ಡ್ರೈವರುಗಳು ಇಂಡಿಕೇಟರ್ ಹಾಕುವುದನ್ನು ಅವಮಾನ ಎಂದುಕೊಂಡಿದ್ದಾರೆ. ಹೇಳಿದೆ. ‘ನೀವೇ ಬಂದು ಓಡಿಸಿ ಸ್ವಾಮಿ’ ಅಂದ.

ಇವಳು ನಿನ್ನನ್ನು ಕೇಳಿದಳು ಅಂತ ಬರೆಯಲು ಹೇಳಿದ್ದಾಳೆ. ಇವಳ ಹೊಲಿಗೆ ಕ್ಲಾಸಿಗೆ ಈ ವರ್ಷ ಜನ ಹೆಚ್ಚು.

ಬಂದು ಕಾರು ಒಯ್ಯಿ. ಅದು ಅಂಗಳದಲ್ಲಿ ನಿಂತೇ ಇದೆ, ಗಾಜಿನ ಮೇಲೆ ಎಲೆ ಬೀಳುತ್ತಿದೆ.

ತಮ್ಮ

*

ಮಾರ್ಚ್ 13

ತಮ್ಮಾ,

ತಪಾಸಣೆ ಮುಂದಕ್ಕೆ ಹೋಗಿದೆ. ಅವರಿಗೇನೋ ಬೇರೆ ಕೆಲಸ ಬಂತಂತೆ. ವ್ಯಾನ್ ಚೆನ್ನಾಗಿದೆ. ಈಗ ಸ್ವಲ್ಪ ದಿನ ನಾನೇ ಬಿಡುವು ತೆಗೆದುಕೊಂಡಿದ್ದೇನೆ. ಕತ್ತರಿಗಳಿಗೆಲ್ಲ ಸಾಣೆ ಹಿಡಿಸಬೇಕಿತ್ತು.

ಎಲೆ ಬಿದ್ದರೆ ಗುಡಿಸು. ನಿನ್ನ ಕಾರು ನನಗೆ ಬೇಡ.

ಅಕ್ಕ

*

ಮಾರ್ಚ್ 20

ಅಕ್ಕಾ,

ತಪಾಸಣಾ ಕೇಂದ್ರಕ್ಕೆ ‘ಬೇರೆ ಕೆಲಸ’ ಅಂತ ಒಂದಿಲ್ಲ, ಅದರ ಕೆಲಸವೇ ತಪಾಸಣೆ. ವ್ಯಾನ್ ಫೇಲಾಗಿದೆ. ಬಿಡುವು ನೀನು ತೆಗೆದುಕೊಂಡದ್ದಲ್ಲ, ಅವರು ಕೊಟ್ಟದ್ದು. ಕತ್ತರಿಗೆ ಸಾಣೆ ಹಿಡಿಸಲು ವಾರಗಟ್ಟಲೆ ಬೇಕಿಲ್ಲ.

ನಾನು ಹೇಳಿದೆನಲ್ಲ ಅಂತ ಹೇಳುವುದಿಲ್ಲ.

ಯಾವುದರಲ್ಲಿ ಫೇಲಾಯಿತು? ಬ್ರೇಕ್ ಪೈಪೇ ಆಗಿರಬೇಕು. ಅವರು ಗಾಡಿಯನ್ನು ಮೇಲೆತ್ತಿ ಪೈಪನ್ನು ಉಗುರಿನಲ್ಲಿ ಕೆರೆದು ನೋಡುತ್ತಾರೆ. ತಾಮ್ರದ ಪೈಪ್ ಹಾಕಿಸು ಅಂತ ಮೆಕ್ಯಾನಿಕ್‌ಗೆ ಹೇಳು. ಒಂದು ತುಂಡು ಬದಲಾಯಿಸಿ ಜೋಡಿಸುತ್ತೇನೆ ಅಂದರೆ ಒಪ್ಪಬೇಡ, ಪೂರ್ತಿ ಬದಲಾಯಿಸಲಿ. ಬೇರಿಂಗ್ ಎರಡೂ ಕಡೆ.

ಇಷ್ಟೆಲ್ಲ ಮಾಡಿಸಿದ ಮೇಲೂ ಅದು ಹದಿನೆಂಟು ವರ್ಷದ ವ್ಯಾನೇ ಆಗಿರುತ್ತದೆ. ಅಷ್ಟರ ಬದಲು ಮೂರು ವರ್ಷದ ಕಾರೊಂದನ್ನು ಸುಮ್ಮನೆ ತೆಗೆದುಕೊಳ್ಳುವುದಕ್ಕೆ ನಿನಗೇನು ಕಷ್ಟ? ನನಗೆ ಅರ್ಥವಾಗುತ್ತಿಲ್ಲ. ನಿನ್ನ ಹಟಕ್ಕೂ ಒಂದು ಫಿಟ್‌ನೆಸ್ ತಪಾಸಣೆ ಇರಬೇಕಿತ್ತು.

ತಮ್ಮ

*

ಏಪ್ರಿಲ್ 22

ತಮ್ಮಾ,

ಒಂದು ತಿಂಗಳು ಬರೆಯಲಿಲ್ಲ. ಬರೆಯುವಂಥದ್ದೇನೂ ಇರಲಿಲ್ಲ ಅಂತಲ್ಲ.

ಹೌದು, ಫೇಲಾಗಿತ್ತು. ಬ್ರೇಕ್ ಪೈಪು. ಉಗುರು ತಾಗಿಸಿದರೆ ಪುಡಿ ಉದುರಿತು. ಅದರಲ್ಲಿ ಜನರನ್ನು ಕೂರಿಸಿಕೊಂಡು ಸುತ್ತಿದೆನಲ್ಲ ಅನ್ನುವುದು ಇನ್ನೂ ಎದೆಯಲ್ಲಿ ಕೂತಿದೆ. ಆ ಒಂದು ಮಾತಿನಲ್ಲಿ ನೀನು ಗೆದ್ದೆ. ತಾಮ್ರದ್ದೇ ಹಾಕಿಸಿದೆ. ಮೆಕ್ಯಾನಿಕ್ ‘ತುಂಡು ಸಾಕು’ ಅಂದ. ‘ನಿನ್ನ ತಲೆಗೂದಲು ಅರ್ಧ ಕತ್ತರಿಸಿ ಕಳಿಸಲಾ?’ ಅಂದೆ. ಪೂರ್ತಿ ಹಾಕಿದ. ನಿನ್ನೆ ವ್ಯಾನ್ ಮನೆಗೆ ಬಂತು, ಮರು ತಪಾಸಣೆ ಮುಂದಿನ ವಾರ.

ಈ ನಡುವೆ ನಡೆದೇ ಹೋಗಿ ಅವರವರ ಕೋಣೆಯಲ್ಲಿ ಕ್ಷೌರ ಮಾಡಿದೆ, ನೀನು ಹೇಳಿದ ಹಾಗೆಯೇ. ಜಡ್ಜ್ ಸಾಹೇಬರು ಮಂಚದ ಅಂಚಿನಲ್ಲಿ ಕೂತು ಗೋಡೆ ನೋಡುತ್ತಿದ್ದರು. ‘ಸಾಹೇಬರೇ, ಗದ್ದ ಎತ್ತಿ’ ಅಂದರೆ ಎತ್ತಿದರು, ‘ತಿರುಗಿ’ ಅಂದರೆ ತಿರುಗಿದರು. ಒಂದು ಜಗಳವಿಲ್ಲ. ನನಗೆ ಭಯವಾಯಿತು.

ಈಗ ನಿನ್ನ ವಿಷಯ.

ತಪಾಸಣೆಗೆ ಅಂತ ಇವತ್ತು ಬೆಳಗ್ಗೆ ವ್ಯಾನ್ ತೊಳೆದೆ. ಪಕ್ಕದ ಸೀಟಿನ ಮ್ಯಾಟ್ ಎತ್ತಿ ಕಲ್ಲಿನ ಮೇಲೆ ಹಾಕಿ ಉಜ್ಜುವಾಗ ಆ ತೂತಿನಲ್ಲಿ ನನ್ನ ಬೆರಳು ಸಿಕ್ಕಿತು. ಅದನ್ನು ನೋಡುತ್ತ ನಿಂತವಳಿಗೆ ನಿನ್ನ ಫೆಬ್ರವರಿಯ ಕಾಗದ ನೆನಪಾಯಿತು. ಒಳಗೆ ಹೋಗಿ ಮತ್ತೆ ಓದಿದೆ.

ಪೆಡಲ್ ಬಿಚ್ಚಿಸಿದ್ದೀಯ. ಹೊಸ ಗಾಡಿ ಬರುತ್ತಿದ್ದರೆ ಅವು ಅದಕ್ಕೆ ಹೋಗಬೇಕಿತ್ತು. ನೀನು ಗೋಣಿಚೀಲದಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದ್ದೀಯ. ಬೋರ್ಡು ಕೆರೆದಿದ್ದೀಯ. ಕಾರು ಅಂಗಳದಲ್ಲಿದೆ, ನೀನು ಬಸ್ಸಿನಲ್ಲಿದ್ದೀಯ. ಇಲ್ಲದ ಬ್ರೇಕನ್ನೇ ಒತ್ತಿ ಮ್ಯಾಟ್ ತೂತು ಮಾಡಿದವನು, ಇರುವ ಬ್ರೇಕನ್ನು ಯಾಕೆ ಬಿಚ್ಚಿಸಿದ? ಅದೂ ನಾನು ಕಾಲು ಚಾಚಲಿ ಅಂತ? ನಾನು ಕೂರುವುದು ಸ್ಟೇರಿಂಗಿನ ಹಿಂದೆ. ಕಾಲು ಚಾಚಿ ಪಕ್ಕದಲ್ಲಿ ಕೂರುವುದಕ್ಕೆ ನನಗೆ ಯಾರಿದ್ದಾರೆ ಅಂತ?

ನಿನ್ನ ಹೆಂಡತಿಗೆ ಫೋನ್ ಮಾಡಿ ಕೇಳಬಹುದಿತ್ತು. ಮಾಡಿಲ್ಲ. ನಿನ್ನ ಬಾಯಿಂದಲೇ ಬರಲಿ.

ಏನಾಯಿತು?

ಅಕ್ಕ

*

ಏಪ್ರಿಲ್ 29

ಅಕ್ಕಾ,

ಜನವರಿಯಲ್ಲಿ ಒಂದು ದಿನ, ನಮ್ಮ ಬೀದಿಯ ಬೇಕರಿಯವರಿಗೆ ಪಾಠವಿತ್ತು. ಅವರದು ಎಂಟನೇ ಪಾಠವೋ ಒಂಬತ್ತನೆಯದೋ. ಸೇತುವೆಯಿಂದ ಇಳಿಯುತ್ತಿದ್ದೆವು. ‘ಮೂರನೇ ಗೇರಿಗೆ ಬನ್ನಿ’ ಅನ್ನಬೇಕಿತ್ತು, ಅಂದೆನೋ ಇಲ್ಲವೋ. ಅವರ ತೋಳಿನಿಂದ ಹಿಟ್ಟಿನ ವಾಸನೆ ಬರುತ್ತಿದ್ದುದು ನೆನಪಿದೆ. ಆಮೇಲೆ ನೆನಪಿರುವುದು ಫುಟ್‌ಪಾತಿನ ಕಲ್ಲು, ನನ್ನ ತಲೆಯ ಕೆಳಗೆ ಯಾರದೋ ಮಡಚಿದ ಏಪ್ರನ್ನು.

ಫಿಟ್ಸ್. ಈ ವಯಸ್ಸಿನಲ್ಲಿ, ಮೊದಲ ಸಲ. ಮೈಯೆಲ್ಲ ಬಿಗಿದುಕೊಂಡಾಗ ನನ್ನ ಕಾಲು ಬ್ರೇಕಿನ ಮೇಲಿತ್ತು. ಅದೂ ಬಿಗಿದುಕೊಂಡಿತು. ನಡುರಸ್ತೆಯಲ್ಲಿ, ಇಳಿಜಾರಿನಲ್ಲಿ, ಕಾರು ನಿಂತೇಬಿಟ್ಟಿತು. ಹಿಂದಿದ್ದ ಲಾರಿಯವನಿಗೆ ಎಚ್ಚರವಿತ್ತು, ಅಷ್ಟೆ. ಬೇಕರಿಯವರು ನಾಲ್ಕೂ ದೀಪ ಮಿನುಗಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಆಮೇಲೆ ನನ್ನನ್ನು ಇಳಿಸಿದರಂತೆ. ಎರಡನೇ ಪಾಠದಲ್ಲಿ ಹೇಳಿಕೊಟ್ಟದ್ದು. ಸರಿಯಾದ ಕ್ರಮದಲ್ಲೇ ಮಾಡಿದ್ದಾರೆ.

ಕಲಿಯುವವರ ಕೈಯಲ್ಲಿ ಅಪಾಯ ಇದೆ ಅಂತ ಮೇಷ್ಟರಿಗೆ ಒಂದು ಬ್ರೇಕ್ ಕೊಡುತ್ತಾರೆ. ಆವತ್ತು ಅಪಾಯ ಇದ್ದದ್ದು ಆ ಬ್ರೇಕಿನಲ್ಲೇ. ಅದನ್ನು ನೋಡುವುದಕ್ಕೆ ಆಗುತ್ತಿರಲಿಲ್ಲ. ಬಿಚ್ಚಿಸಿದೆ.

ಡಾಕ್ಟರು ಓಡಿಸಬಾರದು ಅಂದರು. ‘ನಾನು ಓಡಿಸುವುದಿಲ್ಲ ಡಾಕ್ಟರೇ, ಕಲಿಸುತ್ತೇನೆ’ ಅಂದೆ.

‘ಬ್ರೇಕು ನಿಮ್ಮ ಕಾಲ ಕೆಳಗೆ ಇರುತ್ತೋ ಇಲ್ವೋ?’

‘ಇರುತ್ತೆ.’

‘ಹಾಗಾದ್ರೆ ಓಡಿಸ್ತೀರಿ.’

ವಾದದಲ್ಲಿ ನಾನು ಸೋತದ್ದು ಕಡಿಮೆ. ಒಂದು ವರ್ಷ ಮಾತ್ರೆ ನುಂಗಬೇಕು, ಮತ್ತೆ ಬಾರದಿದ್ದರೆ ಆಮೇಲೆ ನೋಡೋಣ ಅಂದಿದ್ದಾರೆ. ‘ಆಮೇಲೆ ನೋಡೋಣ’ ಅನ್ನುವುದರ ಅರ್ಥ ನನಗೆ ಗೊತ್ತು. ಟೆಸ್ಟಿನಲ್ಲಿ ಖಂಡಿತ ಫೇಲಾಗುವವರಿಗೆ ನಾನೂ ಅದನ್ನೇ ಹೇಳುತ್ತಿದ್ದೆ.

ಕಾರು ದಿನಾ ಕಿಟಕಿಯಿಂದ ಕಾಣುತ್ತದೆ. ಅದು ಯಾರದೋ ಪಾಲಾಗುವುದಕ್ಕಿಂತ, ನಾನು ಕಲಿಸಿದವರ ಕೈಯಲ್ಲಿ ಓಡಲಿ ಅಂತ ನಿನಗೆ ಬರೆದೆ.

ಈಗ ಕೇಳು. ನನಗೆ ಕನಿಕರ ಬೇಡ. ಹಣ್ಣು ಹಿಡಿದುಕೊಂಡು ನೋಡಲು ಬರಬೇಡ. ‘ವಿಶ್ರಾಂತಿ ತಗೊಳ್ಳಿ ಮೇಷ್ಟ್ರೇ’ ಅನ್ನುವವರು ಇಲ್ಲೇ ಬೇಕಾದಷ್ಟಿದ್ದಾರೆ. ನಾನು ವಿಶ್ರಾಂತಿ ತೆಗೆದುಕೊಳ್ಳುತ್ತಿಲ್ಲ. ದಿನಾ ಬೆಳಗ್ಗೆ ಮೈದಾನಕ್ಕೆ ಹೋಗಿ, ಬೇರೆ ಸ್ಕೂಲಿನವರು ರಿವರ್ಸ್ ಕಲಿಸುವುದನ್ನು ಬೇಲಿಯಾಚೆ ನಿಂತು ನೋಡಿ ಬೈಯುತ್ತೇನೆ.

ತಮ್ಮ

*

ಮೇ 6

ಮೇಷ್ಟ್ರೇ,

ಹಣ್ಣು ತರುವುದಿಲ್ಲ. ಕತ್ತರಿ ತರುತ್ತೇನೆ. ಜನವರಿಯಿಂದ ಮೂಲೆಯಲ್ಲಿ ಕೂತವನ ತಲೆ ಹೇಗಿರುತ್ತದೆ ಅಂತ ನನಗೆ ಗೊತ್ತು.

ಎಮ್ಮೆ ಪಾಸಾಯಿತು. ತಪಾಸಣೆಯವನು ಕೆಳಗಿನಿಂದ ಎದ್ದು ಬಂದು, ‘ಪೈಪ್ ಯಾರು ಹೇಳಿದ್ದು ಹಾಕಿಸೋಕೆ?’ ಅಂದ. ‘ನಮ್ಮನೆ ಮೇಷ್ಟ್ರು’ ಅಂದೆ. ಮಾರನೆಯ ದಿನ ಜಡ್ಜ್ ಸಾಹೇಬರಿಗೆ ಎರಡು ಸುತ್ತು ಹಾಕಿಸಿದೆ. ಎರಡನೇ ಸುತ್ತಿನಲ್ಲಿ ‘ಸ್ವಲ್ಪ ಜೋರಾಗಿ ಬಿಡಮ್ಮ, ಶಿಕ್ಷೆ ನಾನು ನೋಡ್ಕೋತೀನಿ’ ಅಂದರು.

ಹೋಲಿಕೆ ಶುರು ಮಾಡಿದವನು ನೀನು, ಮುಗಿಸುವವಳು ನಾನು. ಬ್ರೇಕಿನಲ್ಲಿ ಚಪ್ಪಲಿ ಗೆದ್ದಿತು. ಪೆಟ್ರೋಲಿನಲ್ಲಿ ಗೆದ್ದಿತು, ಗಾಳಿಚೀಲದಲ್ಲಿ ಗೆದ್ದಿತು, ಆ ಹಿಂದೆ ನೋಡುವ ಪರದೆಯಲ್ಲೂ ಗೆದ್ದಿತು. ಹತ್ತಿ ಇಳಿಯುವುದರಲ್ಲಿ ಮಾತ್ರ ಎಮ್ಮೆಯನ್ನು ಮೀರಿಸುವ ಗಾಡಿ ಇನ್ನೂ ಹುಟ್ಟಿಲ್ಲ, ನನ್ನ ಕೆಲಸವೆಲ್ಲ ಆ ಹತ್ತಿ ಇಳಿಯುವುದರಲ್ಲೇ ಇದೆ. ಆದ್ದರಿಂದ ಎಮ್ಮೆ ನನ್ನ ಹತ್ತಿರ ಇರುತ್ತದೆ. ಚಪ್ಪಲಿ ಅದು ಇರಬೇಕಾದ ಮನೆಯಲ್ಲೇ ಇರುತ್ತದೆ.

ಓಡಿಸುವವರಿಲ್ಲ ಅನ್ನಬೇಡ. ನಿನ್ನ ಮನೆಯಲ್ಲೇ ಒಬ್ಬಳಿದ್ದಾಳೆ. ಮದುವೆಯಾದ ಹೊಸದರಲ್ಲಿ ಅವಳಿಗೆ ಕಲಿಸಲು ಹೋಗಿ, ‘ಕ್ಲಚ್ಚನ್ನು ಹೊಲಿಗೆ ಮಷಿನ್ನಿನ ಹಾಗೆ ತುಳಿಯುತ್ತಾಳೆ, ಇವಳಿಗೆ ಈ ಜನ್ಮಕ್ಕೆ ಬರಲ್ಲ’ ಅಂತ ಕೈಬಿಟ್ಟೆಯಲ್ಲ. ಗಂಡಂದಿರು ಕಲಿಸಬಾರದು. ಇಡೀ ದಿನ ಪೆಡಲ್ ತುಳಿದು, ಒಂದೊಂದು ಹೊಲಿಗೆಗೆ ನಿಲ್ಲಿಸಬಲ್ಲ ಕಾಲು ಅದು. ನಿನ್ನ ಬೇಕರಿಯವರಿಗೆ ಬಂದದ್ದು ಅವಳಿಗೆ ಬರುವುದಿಲ್ಲವೇ?

ಅಟ್ಟದಿಂದ ಗೋಣಿಚೀಲ ಇಳಿಸು. ಪೆಡಲ್ ವಾಪಸ್ ಹಾಕು. ತಪ್ಪು ಅವುಗಳದ್ದಲ್ಲ, ನಿನ್ನದೂ ಅಲ್ಲ.

ನಾನು ಹದಿನೈದರಂದು ಎಮ್ಮೆಯಲ್ಲೇ ಹೊರಡುತ್ತೇನೆ. ಅಷ್ಟು ದೂರ ಬರುತ್ತದೆಯೇ ಅಂತ ಕೇಳಬೇಡ, ಬಂದ ಮೇಲೆ ನೋಡು. ಎರಡು ವಾರ ಇರುತ್ತೇನೆ. ಸ್ಟೇರಿಂಗ್ ಅವಳದು. ಪಕ್ಕದ ಸೀಟು, ಆ ಬ್ರೇಕು, ಎರಡೂ ನನ್ನದು. ಏನು ಹೇಳಬೇಕು ಅನ್ನುವುದು ನಿನ್ನ ತಲೆಯಲ್ಲಿದೆ, ಅದಕ್ಕೆ ನೀನು ಹಿಂದಿನ ಸೀಟಿನಲ್ಲಿ. ಅಲ್ಲಿ ಡಾಕ್ಟರೂ ಏನೂ ಅನ್ನುವಂತಿಲ್ಲ, ಅಲ್ಲಿ ಒತ್ತುವುದಕ್ಕೆ ಏನೂ ಇಲ್ಲ. ಕೇಳಿದಾಗ ಮಾತ್ರ ಬಾಯಿ ಬಿಡಬೇಕು.

ಒಂದು ವರ್ಷ ಆದ ಮೇಲೆ ನೋಡೋಣ ಅಂದಿದ್ದಾರಲ್ಲ, ನೋಡೋಣ. ಅಲ್ಲಿಯವರೆಗೆ ಬೇಲಿಯಾಚೆ ನಿಂತು ಬೈಯುವುದು ನಮ್ಮ ಮನೆಯವರಿಗೆ ಹೇಳಿಸಿದ್ದಲ್ಲ.

ಅಕ್ಕ

*

ಮೇ 11

ಅಕ್ಕಾ,

ನಿನ್ನ ಕಾಗದ ಓದಿ ಎರಡು ದಿನ ಸಿಟ್ಟಿನಲ್ಲಿದ್ದೆ. ಯಾರನ್ನೂ ಕೇಳದೆ ಎಲ್ಲರನ್ನೂ ಅವರವರ ಸೀಟಿನಲ್ಲಿ ಕೂರಿಸಿಬಿಟ್ಟಿದ್ದೀಯ. ಇವಳನ್ನು ಕೇಳಿದೆ. ‘ಇಷ್ಟು ವರ್ಷ ಆದ ಮೇಲೆ ಕೇಳಿದ್ರಲ್ಲ’ ಅಂದಳು. ಅದು ಒಪ್ಪಿಗೆಯೋ ಅಲ್ಲವೋ ತಿಳಿಯದೆ ಮತ್ತೆ ಕೇಳಿದೆ. ಅಷ್ಟರಲ್ಲಿ ಅವಳು ಅಟ್ಟಕ್ಕೆ ಏಣಿ ಹಾಕಿದ್ದಳು.

ಪೆಡಲ್ ಹಾಕಿಸಲಿಲ್ಲ, ನಾನೇ ಹಾಕಿದೆ. ಬ್ರೇಕಿನ ನಟ್ಟನ್ನು ಮೂರು ಸಲ ಬಿಗಿದೆ. ಅಂಟಿನ ಗುರುತು ಇದ್ದ ಕಡೆಯೇ ಹೊಸ ಬೋರ್ಡು ಸರಿಯಾಗಿ ಕೂತಿತು.

ಕೇಳಿದಾಗ ಮಾತ್ರ ಬಾಯಿ ಬಿಡಬೇಕು ಅನ್ನುವ ಷರತ್ತಿಗೆ ನಾನು ಒಪ್ಪುವುದಿಲ್ಲ. ಸ್ಕೂಲ್ ನನ್ನದು. ನಿನಗೆ ಕನ್ನಡಿ ನೋಡುವ ಅಭ್ಯಾಸ ಕಡಿಮೆ, ನಿನ್ನಿಂದ ಅವಳು ಅದನ್ನೇ ಕಲಿತರೆ? ಹಿಂದಿನ ಸೀಟಿನಲ್ಲಿ ಕೂರುತ್ತೇನೆ, ಆದರೆ ಮಾತಾಡುತ್ತೇನೆ. ಬೇಡವಾದರೆ ಎಮ್ಮೆಯನ್ನು ಹಾಗೇ ಹಿಂದಕ್ಕೆ ತಿರುಗಿಸಿಕೊಂಡು ಹೋಗು. ಹಿಂದೆ ನೋಡಲು ಅದರಲ್ಲಿ ಪರದೆಯೂ ಇಲ್ಲ.

ದಾರಿಯಲ್ಲಿ ಇಳಿಜಾರುಗಳಿವೆ. ಎರಡನೇ ಗೇರಿನಲ್ಲಿ ಇಳಿ. ಬ್ರೇಕನ್ನೇ ನಂಬಬೇಡ.

ತಮ್ಮ

ಅಕ್ಕಾ, ಇದು ನಾನು, ಇವರು ಲಕೋಟೆಗೆ ಅಂಟು ತರಲು ಒಳಗೆ ಹೋದಾಗ ಕೆಳಗೆ ಬರೆಯುತ್ತಿದ್ದೇನೆ. ನಿನ್ನೆಯಿಂದ ಇವರು ಹಿಂದಿನ ಸೀಟಿನಲ್ಲಿ ಕೂತು ಅಭ್ಯಾಸ ಮಾಡ್ತಿದ್ದಾರೆ. ಕಾರು ಅಂಗಳದಲ್ಲಿ ನಿಂತೇ ಇದೆ, ಕಾಲು ಮಾತ್ರ ಒತ್ತುತ್ತಲೇ ಇದೆ. ಅಲ್ಲಿದ್ದ ಮ್ಯಾಟ್ ಹೊಸದು, ತೆಗೆದಿಟ್ಟಿದ್ದೇನೆ. ಬರುವಾಗ ಎಮ್ಮೆಯಲ್ಲಿರೋ ಆ ತೂತಿನ ಮ್ಯಾಟ್ ತಂದುಬಿಡಿ. ಅದು ಹೇಗೂ ಇವರ ಕಾಲಿನ ಅಳತೆಯದೇ.